ಹಿಂದಿನ ಸೀಟಿನ ಕೈ

ಶಾಮರಾಯರಿಗೆ ಅರವತ್ತೊಂದು ವರ್ಷ. ಈ ಜನ್ಮದಲ್ಲಿ ಅವರು ಸೈಕಲ್ಲಿಗಿಂತ ದೊಡ್ಡ ವಾಹನವನ್ನು ನಡೆಸಿದವರಲ್ಲ. ಸೈಕಲ್ಲನ್ನೂ ನೆಟ್ಟಗೆ ನಡೆಸಿದವರಲ್ಲ. ಕೇಂದ್ರ ಸರ್ಕಾರದ ಕಚೇರಿಯವರು ಮೈಸೂರಿನಿಂದ ನಾಗಪುರಕ್ಕೆ ವರ್ಗ ಮಾಡಿದ ವರ್ಷವೇ ಹೆಂಡತಿ ಕೃಷ್ಣವೇಣಿ ಸ್ಕೂಟರ್ ಕಲಿತಳು. ಅಂದಿನಿಂದ ರಾಯರದು ಹಿಂದಿನ ಸೀಟು.

ಹಾಗಂತ ಅವರು ಸುಮ್ಮನೆ ಕೂತವರಲ್ಲ. ಮೊದಲ ಸ್ಕೂಟರ್ ಹಳೆಯದು, ಅದರ ಇಂಡಿಕೇಟರ್ ಕೊಂಡ ದಿನವೇ ಕೈಕೊಟ್ಟಿತ್ತು. ಅದಕ್ಕೇ ಆಕೆ ಮುಂದಿನಿಂದ "ಎಡಕ್ಕೆ" ಎಂದರೆ ಇವರು ಎಡಗೈ ಚಾಚುವುದು, "ಬಲಕ್ಕೆ" ಎಂದರೆ ಬಲಗೈ. ಆಮೇಲೆ ಎರಡು ಹೊಸ ಸ್ಕೂಟರ್ ಬಂದವು, ಇಂಡಿಕೇಟರ್‌ಗಳು ಚೆನ್ನಾಗಿಯೇ ಇದ್ದವು, ಪದ್ಧತಿ ಮಾತ್ರ ಬದಲಾಗಲಿಲ್ಲ. ಲಕ್ಷ್ಮೀ ನಗರದಲ್ಲಿ ಈ ಜೋಡಿಯನ್ನು ನೋಡಿ ನಗದವರಿಲ್ಲ. ರಾಯರಿಗೆ ಅದರ ಪರಿವೆಯಿಲ್ಲ. ಕಚೇರಿಯ ನೌಕರಿಗೆ ನಿವೃತ್ತಿ ಇತ್ತು, ಈ ನೌಕರಿಗೆ ಇಲ್ಲ ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಅಂಥ ರಾಯರು ಬಲತೊಡೆಯ ಮೂಳೆಗೆ ಸ್ಟೀಲ್ ರಾಡು ಹಾಕಿಸಿಕೊಂಡು, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದು ಎರಡೂವರೆ ತಿಂಗಳಾಗಿತ್ತು. ನೋಡಲು ಬಂದವರೆಲ್ಲ ಕಿತ್ತಳೆ ತಂದರು. ಒಂದು ಗಾಡಿ ಹಾಕಿಕೊಂಡು ಮಾರಬಹುದಿತ್ತು. ವಾಕರ್ ಹಿಡಿದು ಹಾಲ್‌ನಿಂದ ಅಡುಗೆಮನೆಗೆ ಹೋಗಿ ಬರುವುದು ದಿನದ ಯಾತ್ರೆ. ಕಾಲು ಕೂಡಿಕೊಳ್ಳುತ್ತಿತ್ತು, ಹಸಿವು ಚೆನ್ನಾಗಿತ್ತು, ಟೀವಿಯ ರಿಮೋಟು ಮೊದಲ ಸಲ ಅವರ ಕೈಗೇ ಬಂದಿತ್ತು. ಎಲ್ಲ ಸುಖವೇ. ಆದರೆ ಕೆಳಗೆ ಸ್ಕೂಟರ್ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು, ಕೃಷ್ಣವೇಣಿ ಆಟೋ ಹತ್ತಿ ಶಾಲೆಗೆ ಹೋಗುತ್ತಿದ್ದಳು. ಅದನ್ನು ನೆನೆದಾಗಲೆಲ್ಲ ರಾಯರ ಗಂಟಲಲ್ಲಿ ಕಿತ್ತಳೆ ಇಳಿಯುತ್ತಿರಲಿಲ್ಲ.

ಆದದ್ದು ಇಷ್ಟು. ಆ ಬೆಳಿಗ್ಗೆ ಚೌಕದ ಹತ್ತಿರ ಆಕೆ ಸ್ಪಷ್ಟವಾಗಿ "ಎಡಕ್ಕೆ" ಎಂದಿದ್ದಳು. ಅದೇ ಹೊತ್ತಿಗೆ ರಸ್ತೆಯ ಬಲಗಡೆ, ಅವಲಕ್ಕಿ ಒಗ್ಗರಣೆಯ ಪೋಹಾ ಮಾರುವ ಗಾಡಿಯ ಮುಂದೆ, ಕಚೇರಿಯ ಹಳೇ ಗೆಳೆಯ ಗಿರಿಧರ ಪ್ಲೇಟು ಹಿಡಿದು ನಿಂತಿದ್ದ. ಕಂಡು ಎರಡು ವರ್ಷವಾಗಿತ್ತು. ರಾಯರ ಬಲಗೈ ತಾನೇತಾನಾಗಿ ಚಾಚಿತು, ಬೀಸಿತು. ಹಿಂದಿದ್ದ ಟೆಂಪೋದವನು ಇವರು ಬಲಕ್ಕೆ ಹೊರಟರೆಂದು ಎಡಗಡೆಯಿಂದ ನುಗ್ಗಿದ. ಕೃಷ್ಣವೇಣಿ ಎಡಕ್ಕೆ ತಿರುಗಿದಳು.

ಆಕೆಗೆ ಮೊಣಕೈ ತರಚಿತು, ಅಷ್ಟೇ. ಆದರೆ ಟೆಂಪೋದವನ ಕೂಗಾಟ ಕಿವಿಗೆ ಬಿತ್ತು: "ಹಾಥ್ ರೈಟ್ ಕಾ ದಿಯಾ, ಮುಡೇ ಲೆಫ್ಟ್!" ಕೈ ತೋರಿಸಿದ್ದು ಬಲಕ್ಕೆ, ತಿರುಗಿದ್ದು ಎಡಕ್ಕೆ. ಗಣಿತದ ಟೀಚರ್ ಆಕೆ, ಲೆಕ್ಕವನ್ನು ಅಲ್ಲೇ ಬಿಡಿಸಿಬಿಟ್ಟಳು. ಆಸ್ಪತ್ರೆಯಲ್ಲಿ ಮಗಳು ರಾಗಿಣಿಗೆ ಹೇಳಿದ್ದು ರಾಯರಿಗೆ ಅರೆಮಂಪರಿನಲ್ಲೂ ಕೇಳಿಸಿತ್ತು. "ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈ ಒಂದು ಸಲವೂ ತಪ್ಪಿಲ್ಲ ಕಣೇ. ನಾನೇ ಬಲಕ್ಕೆ ಅಂದು ಎಡಕ್ಕೆ ತಿರುಗಿಸಿದೀನಿ. ನನಗೆ ಮಾತ್ರ ಎಡಕ್ಕೆ ಅಂದ ಹಾಗೇ ನೆನಪು."

ಆಗಲೇ ಹೇಳಬೇಕಿತ್ತು. ನೋವಿತ್ತು, ಆಮೇಲೆ ನಾಚಿಕೆಯಾಯಿತು, ಆಮೇಲೆ ತಡವಾಯಿತು. ಗಿರಿಧರನೇ ಒಮ್ಮೆ ನೋಡಲು ಬಂದು, "ಅವತ್ತು ನೀವು ಚೌಕದಲ್ಲಿ ನನಗೆ..." ಎಂದು ಶುರು ಮಾಡಿದ್ದ. ರಾಯರು ಮೂರು ತೊಳೆ ಕಿತ್ತಳೆಯನ್ನು ಒಟ್ಟಿಗೇ ಅವನ ಕೈಗೆ ತುರುಕಿ, "ತಿನ್ನಿ, ತಿನ್ನಿ, ಬಹಳ ಸಿಹಿ" ಎಂದು ಮಾತು ಮರೆಸಿದರು. ಆ ಹಣ್ಣು ಹುಳಿಯಿತ್ತು.

ಭಾನುವಾರ ರಾಗಿಣಿ ಬಂದವಳು, ಅಮ್ಮ ಅಡುಗೆಮನೆಯಲ್ಲಿರುವುದನ್ನು ನೋಡಿಕೊಂಡು ಮಂಚದ ಅಂಚಿಗೆ ಕೂತಳು.

"ಅಪ್ಪಾ, ಅಮ್ಮ ಹತ್ತನೇ ಕ್ಲಾಸಿನ ಗಣಿತ ಬಿಡ್ತಾಳಂತೆ. ಸ್ಕೂಲಿಗೆ ಲೆಟರ್ ಬರೆದಿಟ್ಟಿದಾಳೆ, ನಾಳೆ ಕೊಡ್ತಾಳೆ. ಎಡ ಬಲಾನೇ ಗೊತ್ತಾಗಲ್ಲ, ನನ್ನ ತಲೆ ಬರೋಬರ್ ಇಲ್ಲ ಅಂತಾಳೆ."

ರಾಯರಿಗೆ ಕಾಲು ಮುರಿದಾಗಲೂ ಇಷ್ಟು ನೋವಾಗಿರಲಿಲ್ಲ. ಗಣಿತವಿಲ್ಲದ ಕೃಷ್ಣವೇಣಿಯನ್ನು ಅವರು ಊಹಿಸಲಾರರು. ಇನ್ನು ತಡೆಯಲಾಗದೆ ಅಲ್ಲಿಂದಲೇ ಕೂಗಿದರು.

"ವೇಣೀ, ಬಾ ಇಲ್ಲಿ! ಜಲ್ದಿ!"

ಬಿದ್ದರೋ ಏನೋ ಎಂದು ಆಕೆ ಸೌಟಿನ ಸಮೇತ ಓಡಿ ಬಂದಳು.

"ನೀನು ಎಡಕ್ಕೆ ಅಂತಲೇ ಅಂದೆ," ಎಂದರು ರಾಯರು. "ನನಗೆ ಚೆನ್ನಾಗಿ ಕೇಳಿಸ್ತು. ಬಲಗೈ ಚಾಚಿದ್ದು ಗಿರಿಧರನಿಗೆ. ಪೋಹಾ ತಿಂತಾ ನಿಂತಿದ್ದ, ಕೈ ಬೀಸಿದೆ. ನಿನ್ನ ತಲೆ ನೆಟ್ಟಗಿದೆ ಕಣೇ. ಕೆಟ್ಟಿದ್ದು ನನ್ನ ಕೈ."

ಕುಕ್ಕರ್ ಎರಡು ಸಲ ಕೂಗಿತು. ಯಾರೂ ಅತ್ತ ನೋಡಲಿಲ್ಲ.

"ಪೋಹಾಕ್ಕೆ ಕೈ ಬೀಸಿದ್ರಾ?" ಎಂದಳು ಕೃಷ್ಣವೇಣಿ.

"ಪೋಹಾಕ್ಕಲ್ಲ, ಗಿರಿಧರನಿಗೆ."

"ಮೂರು ತಿಂಗಳು ರೀ! ದಿನಾ ಮಲಗೋ ಮುಂಚೆ ಮಗ್ಗಿ ಹೇಳ್ಕೊಂಡು ನೋಡ್ತಿದ್ದೆ, ಮರೆತಿದೀನಾ ಅಂತ. ಹತ್ತೊಂಬತ್ತರ ಮಗ್ಗಿ! ನೀವು ಪಕ್ಕದಲ್ಲೇ ಗೊರಕೆ ಹೊಡೀತಿದ್ರಿ!" ಆಕೆಯ ಕಣ್ಣಲ್ಲಿ ನೀರು ತುಂಬಿತು, ದನಿ ಮಾತ್ರ ಕ್ಲಾಸಿನ ಕೊನೇ ಬೆಂಚು ಮುಟ್ಟುವಷ್ಟಿತ್ತು. ಆ ದನಿ ಕೇಳಿ ಎಷ್ಟು ದಿನವಾಗಿತ್ತು! ಬೈಸಿಕೊಳ್ಳುತ್ತಲೇ ರಾಯರಿಗೆ ಎದೆ ಹಗುರಾಯಿತು.

ಸೌಟನ್ನು ರಾಗಿಣಿಯ ಕೈಗೆ ಕೊಟ್ಟು, ಬೀರುವಿನ ಮೇಲಿದ್ದ ಲೆಟರನ್ನು ಹರಿದು, ಮುಖಕ್ಕೆ ದುಪಟ್ಟಾ ಸುತ್ತಿ, ಹೆಲ್ಮೆಟ್ ಎತ್ತಿಕೊಂಡು ಕೃಷ್ಣವೇಣಿ ದಡದಡ ಮೆಟ್ಟಿಲಿಳಿದಳು. ರಾಯರು ವಾಕರ್ ಹಿಡಿದು ಬಾಲ್ಕನಿಗೆ ಹೊರಟರು. ಅಷ್ಟು ದೂರ ಅವರು ಈವರೆಗೆ ಒಬ್ಬರೇ ಹೋಗಿರಲಿಲ್ಲ. ರಾಗಿಣಿ ಹಿಡಿಯಲು ಬಂದರೆ ಬೇಡವೆಂದರು.

ಕೆಳಗೆ ಬೆಡ್‌ಶೀಟ್ ನೆಲಕ್ಕೆ ಬಿದ್ದಿತ್ತು. ಸ್ಕೂಟರ್ ನಾಲ್ಕು ಸಲ ಕೆಮ್ಮಿ ಶುರುವಾಯಿತು, ಗೇಟು ದಾಟಿತು. ಆಕೆ ಮೇಲೆ ನೋಡಲಿಲ್ಲ. ಗಲ್ಲಿಯ ಕೊನೆಯಲ್ಲಿ ಸ್ಕೂಟರ್ ನಿಧಾನವಾಯಿತು. ಎಡಗಡೆಯ ಇಂಡಿಕೇಟರ್ ಕಿತ್ತಳೆ ಬಣ್ಣದಲ್ಲಿ ಮಿನುಗಿತು. ಇಪ್ಪತ್ತೆಂಟು ವರ್ಷದಲ್ಲಿ ಆಕೆಯ ಇಂಡಿಕೇಟರ್ ಹಾಗೆ ಮಿನುಗಿದ್ದನ್ನು ರಾಯರು ನೋಡಿರಲಿಲ್ಲ. ತಮ್ಮ ನೌಕರಿ ಹೋಯಿತೆಂದು ಅವರಿಗೆ ತಿಳಿಯಿತು. ಹೋಗಬೇಕಾದ್ದೇ.

ಆದರೂ ವಾಕರ್ ಬಿಟ್ಟ ಅವರ ಎಡಗೈ ಬಾಲ್ಕನಿಯ ಕಂಬಿಯಾಚೆ ಚಾಚಿಕೊಂಡಿತ್ತು. ಎದುರು ಮನೆಯ ಆನಂದ್, ತನಗೇ ಕೈ ಮಾಡಿದರೆಂದು, "ಕಾಯ್ ಶಾಮರಾವ್, ಬರೇ ಆಹಾತ್ ನಾ?" ಎಂದು ಮರಾಠಿಯಲ್ಲಿ ಕ್ಷೇಮ ಕೇಳಿ ಕೂಗುತ್ತ ಕೈ ಬೀಸಿದ. ರಾಯರು ಅತ್ತ ತಿರುಗಲೂ ಇಲ್ಲ. ಸ್ಕೂಟರ್ ಎಡಕ್ಕೆ ತಿರುಗಿ ಮರೆಯಾಗುವವರೆಗೂ ಕೈಯನ್ನು ಅಲ್ಲೇ ಹಿಡಿದಿದ್ದರು.