ಹೋಗುವಾಗ ಕರೆಂಟು, ಬರುವಾಗ ಎತ್ತು

ಡಾಕ್ಟರಮ್ಮನ ಸೀರೆಯ ನೆರಿಗೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಸಾಸಿವೆಯಷ್ಟು ಕೆಲವು, ಕಡಲೆಯಷ್ಟು ಕೆಲವು. ಒಲೆಯ ಕಿಡಿ ಹಾರಿ ಆದವು ಎಂದು ನಮ್ಮೂರ ಹೆಂಗಸರು ಮೊದಮೊದಲು ತಿಳಿದಿದ್ದರು. ಎರಡು ಹೊತ್ತೂ ತಣ್ಣನೆಯ ಮುದ್ದೆಗೆ ಮಜ್ಜಿಗೆ ಸುರಿದುಕೊಂಡು ಉಣ್ಣುವ ಒಂಟಿ ಹೆಂಗಸಿನ ಒಲೆಯಲ್ಲಿ ಇಷ್ಟೊಂದು ಕಿಡಿ ಎಲ್ಲಿಂದ ಬರಬೇಕು ಎಂದು ಯಾರೂ ಯೋಚಿಸಲಿಲ್ಲ. ಅವು ಆಸಿಡ್ಡಿನಿಂದ ಆದ ತೂತುಗಳು. ಅವರ ಮೋಟಾರು ಕಾರಿನ ಬ್ಯಾಟರಿಯ ಮುಚ್ಚಳ ತೆಗೆದು ಬಗ್ಗಿ ನೋಡುವಾಗ ಒಂದೆರಡು ಹನಿ ಸಿಡಿಯುತ್ತಿತ್ತು. ಸೀರೆ ಒಗೆದಾಗ ಹನಿ ಬಿದ್ದ ಜಾಗ ಉದುರಿ ಹೋಗುತ್ತಿತ್ತು. ಅದನ್ನು ಅವರು ಕೈಗೆ ಸಿಕ್ಕ ದಾರದಲ್ಲಿ ಹೊಲಿದುಕೊಳ್ಳುವರು. ನೀಲಿ ಸೀರೆಗೆ ಕೆಂಪು ದಾರವಾದರೂ ಅವರಿಗೆ ಚಿಂತೆಯಿಲ್ಲ.

ಅವರು ನಿಜವಾಗಿ ಡಾಕ್ಟರೂ ಅಲ್ಲ. ಮಾಗಡಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬೆಂಗಳೂರಿಗೆ ಹೋಗಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು, ನಮ್ಮ ಕಾನಕಾನಹಳ್ಳಿಗೆ ಬಂದು ನೆಲೆಸಿದವರು. ಈಗ ಕನಕಪುರ ಎನ್ನುವ ಊರಿಗೆ ಆಗ ಅದೇ ಹೆಸರು. "ನಾನು ಡಾಕ್ಟ್ರಲ್ಲ ಕಣ್ರಪ್ಪ, ಹೆರಿಗೆ ಮಾಡ್ಸೋಳು" ಎಂದು ಅವರು ಕಂಡಕಂಡವರಿಗೆಲ್ಲ ಬಿಡಿಸಿ ಹೇಳುವರು. ಕೇಳಿದವರು "ಆಗ್ಲಿ ಬುಡಿ ಡಾಕ್ಟ್ರಮ್ಮ" ಎಂದು ಹೊರಟುಹೋಗುವರು. ಕೊನೆಗೆ ಅವರೇ ಸೋತರು.

ಮೋಟಾರು ಅವರಿಗೆ ಬಂದದ್ದು ದಾನವಾಗಿ. ಬೆಂಗಳೂರು ದಂಡಿನಲ್ಲಿದ್ದ ಒಬ್ಬ ದೊರೆಸಾನಿಯ ಮಗಳ ಹೆರಿಗೆಯನ್ನು ಇವರು ಮಾಡಿಸಿದ್ದರಂತೆ. ಆ ದೊರೆಸಾನಿ ತನ್ನ ಇಂಗ್ಲೆಂಡ್ ಸೀಮೆಗೆ ವಾಪಸು ಹೋಗುವಾಗ ತನ್ನ ಮೋಟಾರನ್ನೂ ಅದಕ್ಕೆ ಬೇಕಾದ ಒಂದು ಡೈನಮೋವನ್ನೂ ಇವರಿಗೆ ಕೊಟ್ಟುಹೋದಳು. ಅದು ಪೆಟ್ರೋಲಿನ ಮೋಟಾರಲ್ಲ, ಕರೆಂಟಿನದು. ಮುಂದೆ ನಿಂತು ಬೆವರು ಸುರಿಸಿ ಹ್ಯಾಂಡಲ್ ತಿರುಗಿಸಬೇಕಾದ್ದಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಕೂತು ಒಂದು ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಸುಮ್ಮನೆ ಹೊರಟುಬಿಡುತ್ತಿತ್ತು. ಪೇಟೆ ಬೀದಿಯ ಎಮ್ಮೆಗಳಿಗೆ ಅದು ಬಂದದ್ದೇ ತಿಳಿಯುತ್ತಿರಲಿಲ್ಲವಾದ್ದರಿಂದ ಡಾಕ್ಟರಮ್ಮ ಒಂದು ಹಿತ್ತಾಳೆಯ ಗಂಟೆ ಕಟ್ಟಿಕೊಂಡಿದ್ದರು.

ಈ ಕಥೆಯಲ್ಲಿ ನಾನು ಬರುವುದು ಇಲ್ಲಿಂದ. ಊರಿನ ಅಕ್ಕಿ ಗಿರಣಿ ನಮ್ಮ ಮನೆಯದು. ಅಪ್ಪನ ಕಾಲಾನಂತರ ನಾನೇ ನೋಡಿಕೊಳ್ಳುತ್ತಿದ್ದೆ. ಸುತ್ತಿನಲ್ಲಿ ಆಯಿಲ್ ಎಂಜಿನ್ ಇದ್ದದ್ದು ನಮ್ಮಲ್ಲಿ ಮಾತ್ರ, ಆ ಜಂಬವೂ ನನಗೆ ಸಾಕಷ್ಟಿತ್ತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಗುವ ಕರೆಂಟಿನ ತಂತಿ ನಮ್ಮ ಊರ ಹೊರಗೇ ಹಾದುಹೋಗಿತ್ತು. ಆದರೆ ಅದರಿಂದ ನಮಗೆ ಒಂದು ದೀಪದಷ್ಟೂ ಇಳಿದು ಬರುತ್ತಿರಲಿಲ್ಲ. ಡಾಕ್ಟರಮ್ಮ ಒಮ್ಮೆ ಕಂಬದ ಕೆಳಗೆ ಮೋಟಾರು ನಿಲ್ಲಿಸಿ, ಕತ್ತೆತ್ತಿ ನೋಡಿ, "ಅದು ದೊಡ್ಡೋರ ಮನೆಗೆ ಹೋಗ್ತಾ ಐತೆ, ನಡೀರಿ ನಿಮ್ಮ ಗಿರಣಿಗೆ" ಎಂದಿದ್ದರು. ನಮ್ಮ ಎಂಜಿನ್ನಿಗೆ ಪಟ್ಟಿ ಕಟ್ಟಿ ಅವರ ಡೈನಮೋ ತಿರುಗಿಸಿ ಬ್ಯಾಟರಿ ತುಂಬಿಸುವುದು ಹಾಗೆ ನನ್ನ ಕೆಲಸವಾಯಿತು.

ಆ ಮೋಟಾರಿನ ಒಳಗುಟ್ಟು ತಿಳಿದವನು ಇದ್ದದ್ದು ಬೆಂಗಳೂರಿನ ದಂಡಿನಲ್ಲಿ, ಒಬ್ಬನೇ ಒಬ್ಬ. ಅವನಿರುವ ಜಾಗ ನಮಗೆ ಮೂವತ್ತೈದು ಮೈಲಿ. ಎಷ್ಟೇ ತುಂಬಿಸಿದರೂ ಮೋಟಾರು ಓಡುತ್ತಿದ್ದದ್ದು ಇಪ್ಪತ್ತು ಮೈಲಿ, ವರ್ಷ ಕಳೆದಂತೆ ಹದಿನಾರು. ಅಂದರೆ ಕಾಯಿಲೆ ಬಿದ್ದರೆ ತನ್ನ ವೈದ್ಯನ ಮನೆಗೆ ತಾನಾಗಿ ಹೋಗುವ ಶಕ್ತಿ ಅದಕ್ಕಿರಲಿಲ್ಲ. ಎತ್ತು ಕಟ್ಟಿ ಎಳೆಸಿಕೊಂಡು ಎರಡು ದಿನ ಹೋಗಬೇಕು. ಸಣ್ಣಪುಟ್ಟ ಕಾಯಿಲೆಗೆಲ್ಲ ಕಾಗದ ಬರೆದು, ಅವನ ಉತ್ತರ ಬರುವವರೆಗೆ ಕಾಯಬೇಕು. ಡಾಕ್ಟರಮ್ಮ ಆ ಕಾಗದಗಳನ್ನು ಬಸುರಿಯರ ಬಗ್ಗೆ ಬರೆಯುವಷ್ಟೇ ವಿವರವಾಗಿ ಬರೆಯುತ್ತಿದ್ದರು.

ದೂರದ ಹಳ್ಳಿಗೆ ಹೋಗಿ ಬರುವಷ್ಟು ಕರೆಂಟೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅವರೊಂದು ಪದ್ಧತಿ ಮಾಡಿಕೊಂಡರು. ಹೋಗುವಾಗ ಕರೆಂಟು, ಬರುವಾಗ ಎತ್ತು. "ಹೋಗೋವಾಗ ಒಂದು ಜೀವ ಕಾಯ್ತಾ ಇರ್ತದೆ. ಬರೋವಾಗ ನನ್ನ ಯಾರು ಕಾಯ್ತಾರೆ? ನಿಧಾನಕ್ಕೆ ಬತ್ತೀನಿ" ಎನ್ನುವರು. ಯಾವ ಮನೆಯವರು ಕರೆಸಿಕೊಂಡರೋ ಆ ಮನೆಯವರೇ ಒಂದು ಜೊತೆ ಎತ್ತು ಕೊಟ್ಟು ಅವರನ್ನು ಮೋಟಾರಿನ ಸಮೇತ ಊರು ಮುಟ್ಟಿಸಬೇಕು. ಮುಂದಿನ ಅಚ್ಚಿಗೆ ಹಗ್ಗ ಬಿಗಿದು ನೊಗಕ್ಕೆ ಕಟ್ಟುವರು. ಒಳಗೆ ಡಾಕ್ಟರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿರುವರು. ಮೊದಲು ನಕ್ಕವರೇ ಆಮೇಲೆ ಪೈಪೋಟಿಗೆ ಬಿದ್ದರು. ಕೋಡಿಹಳ್ಳಿಯ ಗೌಡರೊಬ್ಬರು ಮೊಮ್ಮಗ ಹುಟ್ಟಿದಾಗ ಕೊಂಬಿಗೆ ಕುಚ್ಚು ಕಟ್ಟಿದ ಹೋರಿಗಳನ್ನೇ ಹೂಡಿ, "ನಮ್ಮವು ಕರೆಂಟ್‌ಗಿಂತ ಒಸಿ ಜೋರಾಗೇ ಓಡ್ತವೆ ಕಣ್ಲಾ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು.

ಇನ್ನೊಂದು ಪದ್ಧತಿ ನೀರಿನದು. ಬ್ಯಾಟರಿಯಲ್ಲಿ ಆವಿಯಾಗಿ ಹೋದ ನೀರನ್ನು ಆಗಾಗ ತುಂಬಿಸಬೇಕು, ಅದಕ್ಕೆ ಮಳೆನೀರೇ ಆಗಬೇಕು. ಮುಂಗಾರಿನ ಮೊದಲ ಎರಡು ಮಳೆ ಬಿಟ್ಟು, ಮೂರನೆಯದರಲ್ಲಿ ಬಯಲಿಗೆ ಪಿಂಗಾಣಿ ಭರಣಿ ಇಟ್ಟು ಹಿಡಿಯಬೇಕು. ಹೆಂಚಿನ ಮೇಲಿಂದ ಇಳಿದದ್ದು ಬೇಡ, ತಾಮ್ರದ ಹಂಡೆಯದು ಬೇಡ. ಅವರ ಕೈಯಲ್ಲಿ ಹೆರಿಗೆಯಾದ ಮನೆಗಳವರೆಲ್ಲ ಮಳೆ ಬಂದಾಗ ಉಪ್ಪಿನಕಾಯಿ ಭರಣಿ ತೊಳೆದು ಅಂಗಳಕ್ಕಿಡುವರು. ಹೀಗೆ ಕೂಡಿದ ನೀರು ನಮ್ಮ ಗಿರಣಿಯ ಮೂಲೆಯಲ್ಲಿ ಸಾಲಾಗಿ ಇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಡಾಕ್ಟರಮ್ಮ ಅಣ್ಣನಿಗೆ ಹುಷಾರಿಲ್ಲವೆಂದು ಮಾಗಡಿಗೆ ಹೋಗಿ ಒಂದೂವರೆ ತಿಂಗಳು ನಿಂತರು. ಹೊರಡುವಾಗ ನನಗೆ ಹೇಳಿದ್ದಿಷ್ಟೆ: "ವಾರಕ್ಕೊಂದು ಸಲ ಕರೆಂಟು ತುಂಬಿಸಿ. ಭರಣಿ ನೀರು ಸಾಲ್ದೇ ಹೋದ್ರೆ ಬೆಂಗಳೂರಿಗೆ ಬರೆದು ಬಟ್ಟಿ ಇಳಿಸಿದ ಸೀಸೆನೀರು ತರಿಸಿ. ಬೇರೆ ನೀರು ಮಾತ್ರ ಹಾಕ್ಬೇಡಿ."

ಮೂರನೆಯ ವಾರಕ್ಕೆ ಭರಣಿಗಳು ಬರಿದಾದವು. ನಮ್ಮೂರಲ್ಲಿ ಒಂದು ಸಿಹಿನೀರು ಬಾವಿಯಿತ್ತು. ಅದರ ನೀರು ಕುಡಿದವರು ಬೇರೆ ಊರಲ್ಲಿ ಬಾಯಾರಿ ಬರುತ್ತಿದ್ದರು. ಬೀಗರ ಊರಿಗೆ ಹೋಗುವಾಗ ಕೆಲವರು ಕೊಡದಲ್ಲಿ ಅದನ್ನೇ ಹೊತ್ತುಕೊಂಡು ಹೋಗುವರು. ಇಂಥ ನೀರನ್ನು ಮನೆ ಬಾಗಿಲಲ್ಲಿ ಇಟ್ಟುಕೊಂಡು, ಯಾವನೋ ಸೀಸೆಯಲ್ಲಿ ತುಂಬಿ ಕಳಿಸುವ ನೀರಿಗೆ ಕೈಚಾಚಬೇಕೆ ಎಂದು ನನಗೆ ರೇಗಿತು. ಕಬ್ಬಿಣದ ಬಕೆಟ್ಟಿನಲ್ಲಿ ಸೇದಿ ತಂದು ಹೊಯ್ದೆ. ಮುಂದಿನ ವಾರಗಳಲ್ಲೂ ಹೊಯ್ದೆ. ಬ್ಯಾಟರಿ ಎಂದಿನಂತೆ ಗುಳುಗುಳು ಎಂದಿತು. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ.

ಡಾಕ್ಟರಮ್ಮ ಮಾಗಡಿಯಿಂದ ಬಂದ ಮಾರನೆಯ ಬೆಳಿಗ್ಗೆಯೇ ನನ್ನ ತಂಗಿಯ ಮೈದುನ ಕೋಡಿಹಳ್ಳಿಯಿಂದ ಓಡುತ್ತ ಬಂದ. ತಂಗಿಯನ್ನು ಆ ಊರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ನಮ್ಮಲ್ಲೇ ಆಗಿತ್ತು, ಇದು ಎರಡನೆಯದು. "ಕೂಸು ಅಡ್ಡ ಸಿಕ್ಕೊಂಡೈತಂತೆ, ಸೂಲಗಿತ್ತಿ ಕೈಚೆಲ್ಬುಟ್ಳು" ಎಂದು ಅವನು ಗಿರಣಿಯ ಕಟ್ಟೆಯ ಮೇಲೆ ಕುಸಿದು ಕೂತ. ಡಾಕ್ಟರಮ್ಮ ಚೀಲ ತಂದು ಮೋಟಾರಿನಲ್ಲಿಟ್ಟರು. ಹತ್ತುವ ಮುಂಚೆ ನನ್ನ ಮುಖ ನೋಡಿ ಕೇಳಿದರು: "ನೀರು ಸರಿಯಾಗಿ ಹಾಕಿದ್ರಾ? ಮಳೆನೀರೇ ತಾನೆ?"

"ಹೂಂ, ಅದೇ" ಎಂದೆ.

ಯಾಕೆ ಹಾಗೆಂದೆ? ಬಾವಿಯ ನೀರೆಂದರೆ ಬೈದಾರು ಎಂಬ ಸಣ್ಣ ಅಂಜಿಕೆ, ಅಷ್ಟೆ. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನ್ನಲ್ಲಿ ಸಿಕ್ಕಿಲ್ಲ.

ನಾನೂ ತಂಗಿಯ ಮೈದುನನೂ ಅವರ ಜೊತೆ ಹತ್ತಿದೆವು. ಹನ್ನೆರಡು ಮೈಲಿ ದಾರಿ. ಏಳನೆಯ ಮೈಲಿಯಲ್ಲಿ ಮೋಟಾರು ಎತ್ತು ಮಲಗಿದಂತೆ ನಿಂತುಬಿಟ್ಟಿತು. ಸುತ್ತ ಕುರುಚಲು ಕಾಡು, ಒಂದು ಮನೆಯಿಲ್ಲ. ಮೈದುನ ಗಾಡಿ ಹುಡುಕಲು ಮುಂದೆ ಓಡಿದ. ಡಾಕ್ಟರಮ್ಮ ಸೀರೆ ಎತ್ತಿಕಟ್ಟಿ, ಚೀಲ ಹೊತ್ತು, ಬಿಸಿಲಿನಲ್ಲಿ ನಡೆಯತೊಡಗಿದರು. ಚೀಲ ನಾನು ತರುತ್ತೇನೆ ಎಂದರೆ ಕೊಡಲಿಲ್ಲ. ಎರಡು ಮೈಲಿ ನಡೆದ ಮೇಲೆ ಗೊಬ್ಬರ ಸಾಗಿಸುವ ಗಾಡಿಯೊಂದು ಎದುರಿಗೆ ಬಂತು. ಅದರಲ್ಲಿ ಕೂತು ಮನೆ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ತಂಗಿ ಉಳಿದಳು. ಕೂಸು ಉಳಿಯಲಿಲ್ಲ. ಗಂಡು ಕೂಸು, ಮೈ ಇನ್ನೂ ಬೆಚ್ಚಗಿತ್ತು.

ತಂಗಿಯ ಅತ್ತೆ ಬಾಗಿಲಲ್ಲಿ ನಿಂತು, "ಇಷ್ಟೊತ್ತು ಯಾಕಮ್ಮಾ ಮಾಡ್ದೆ? ಆ ಆಟದ ಸಾಮಾನ್ನ ನೆಚ್ಕೊಂಡು ಬಂದು ನನ್ನ ಮೊಮ್ಮಗನ್ನ ತಿಂದ್ಬುಟ್ಟೆಯಲ್ಲ" ಎಂದಳು. ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. "ಹೌದವ್ವ, ಮೋಟಾರು ನಂಬಿ ಬಂದಿದ್ದು ನನ್ನ ತಪ್ಪು" ಎಂದರು. ಒಳಗೆ ಮಲಗಿದ್ದ ತಂಗಿಗೂ ಅದು ಕೇಳಿಸಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ದಿನ ಆ ಮನೆಯವರು ಎತ್ತು ಕೊಡಲಿಲ್ಲ. ಬೇರೆಯವರಿಂದ ಬೇಡಿ ತಂದು, ದಾರಿಯಲ್ಲಿ ನಿಂತಿದ್ದ ಮೋಟಾರಿಗೆ ನಾನೇ ಹೂಡಿದೆ. ದಾರಿಯಲ್ಲಿ ತಡೆಯಲಾರದೆ ಕೇಳಿದೆ, ಒಂದೆರಡು ಗಂಟೆ ಮುಂಚೆ ಬಂದಿದ್ದರೆ? "ಕೂಸನ್ನ ತಿರುಗಿಸಬಹುದಿತ್ತೇನೋ" ಎಂದರು.

ನಾಲ್ಕು ದಿನ ಬಿಟ್ಟು ಗಿರಣಿಗೆ ಬಂದರು. ಕೈಯಲ್ಲಿ ಒಂದು ಗಾಜಿನ ಚೂರು, ಒಂದು ಸಣ್ಣ ಸೀಸೆಯಲ್ಲಿ ಮನೆಯಲ್ಲಿಟ್ಟಿದ್ದ ಮಳೆನೀರು. ಗಾಜಿನ ಮೇಲೆ ಅದರ ಒಂದು ತೊಟ್ಟು ಬಿಟ್ಟರು. ಬಾಗಿಲ ಬಳಿಯಿದ್ದ ನನ್ನ ಬಾವಿನೀರಿನ ಬಕೆಟ್ಟಿಗೆ ಬೆರಳದ್ದಿ ಪಕ್ಕದಲ್ಲಿ ಇನ್ನೊಂದು ತೊಟ್ಟು ಬಿಟ್ಟರು. ಬಿಸಿಲಿಗಿಟ್ಟು, "ಒಣಗಲಿ" ಎಂದು ಮೂಟೆಯ ಮೇಲೆ ಕೂತರು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಮಳೆನೀರು ಒಣಗಿದ ಜಾಗದಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ಬಿಳಿ ಬಳೆಯಂಥ ಕಲೆ, ಅದರ ಅಂಚಿಗೆ ತುಕ್ಕಿನ ಕೆಂಪು.

"ಇದು ಒಳಗೆ ಸೇರಿದ್ರೆ, ಸಂಜೆ ತುಂಬಿಸಿದ ಕರೆಂಟು ಬೆಳಗಾಗೋದ್ರೊಳಗೆ ಸೋರಿ ಹೋಗ್ತದೆ. ಬೆಂಗಳೂರಿನವನು ಹಿಂದೆಯೇ ಬರೆದಿದ್ದ" ಎಂದರು.

ನಾನು ಎಲ್ಲ ಹೇಳಿಬಿಟ್ಟೆ. ಗಂಡಸು ಅಳಬಾರದೆಂದು ಯಾರು ಹೇಳಿದರೋ, ನಾನು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ತಿಳೀದೆ ನೀರು ಹಾಕಿದ್ರಿ, ಅದಕ್ಕೆ ನಾನೇನೂ ಅನ್ನಲ್ಲ. ಕೇಳಿದಾಗ ಹೇಳಿದ್ರೆ ಜಟಕಾ ಕಟ್ಟಿಸಿಕೊಂಡು ಹೋಗ್ತಿದ್ದೆ" ಎಂದರು. ಎದ್ದು ಹೊರಡುವಾಗ, "ನಿಮ್ಮ ತಂಗಿಗೆ ನಾನು ಹೇಳೋದಿಲ್ಲ. ಅದು ನೀವು ಹೇಳಬೇಕಾದ್ದು" ಎಂದರು.

ನಾನು ಹೇಳಲಿಲ್ಲ.

ಬ್ಯಾಟರಿಯನ್ನು ತೊಳೆದು ಹೊಸ ಆಸಿಡ್ ತುಂಬಿದೆವು. ಮೋಟಾರು ಮತ್ತೆ ಓಡಿತು, ಹತ್ತು ಮೈಲಿ, ಆಮೇಲೆ ಎಂಟು. ಕೋಡಿಹಳ್ಳಿ ಅದರ ಅಳತೆಯಿಂದ ಹೊರಗಾಯಿತು. ಅಲ್ಲಿಗೆ ಹೋಗಬೇಕಾದಾಗ ಡಾಕ್ಟರಮ್ಮ ಜಟಕಾ ಹತ್ತುತ್ತಿದ್ದರು. ಆದರೆ ನನ್ನ ತಂಗಿ ಮೂರನೆಯ ಹೆರಿಗೆಗೆ ಅವರನ್ನು ಕರೆಸಲಿಲ್ಲ. ನಮ್ಮ ಮನೆಗೆ ಬಂದಾಗ ಪೇಟೆಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಮುಖ ತಿರುಗಿಸುವಳು. ಒಮ್ಮೆ ಡಾಕ್ಟರಮ್ಮ ಅವಳ ಮಗುವಿನ ಗಲ್ಲ ಮುಟ್ಟಲು ಕೈ ಚಾಚಿದರು. ತಂಗಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನಡೆದುಬಿಟ್ಟಳು. ಅವರು ಚಾಚಿದ ಕೈಯಿಂದಲೇ ತಲೆಗೂದಲು ಸರಿಮಾಡಿಕೊಂಡರು. ಅದನ್ನು ನಾನು ಅಂಗಡಿಯ ಕಟ್ಟೆಯಿಂದ ನೋಡಿದೆ.

ಗಿರಣಿಗೆ ಬಂದಾಗಲೆಲ್ಲ ಅವರು, "ತಂಗಿ ಹೆಂಗವಳೆ?" ಎಂದು ಕೇಳುವರು. "ಚೆನ್ನಾಗವಳೆ" ಎನ್ನುವೆ. ಅವರು ಒಂದು ಕ್ಷಣ ನಿಲ್ಲುವರು, ಇನ್ನೇನಾದರೂ ಹೇಳುವನೇನೋ ಎಂದು. ಆಮೇಲೆ ಬ್ಯಾಟರಿಯ ಮಾತಿಗೆ ಹೊರಳುವರು. ಹೀಗೆ ಐದು ವರ್ಷ. ನಾಳೆ ಹೇಳೋಣ, ಹಬ್ಬಕ್ಕೆ ಬಂದಾಗ ಹೇಳೋಣ, ಬಾಣಂತನ ಮುಗಿಯಲಿ ಎಂದು ನಾನು ದಿನ ತಳ್ಳಿದೆ. ಒಬ್ಬರ ಒಳ್ಳೆಯತನವನ್ನು ಇಷ್ಟು ದಿನ ಹೀಗೆ ಉಂಡು ತೇಗಬಹುದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಭತ್ತ ತರಲು ನಾನು ಚನ್ನಪಟ್ಟಣಕ್ಕೆ ಹೋಗಿದ್ದ ವಾರದಲ್ಲಿ ಅವರಿಗೆ ಜೋರು ಜ್ವರ ಬಂತು. ನಾನು ವಾಪಸಾಗುವಾಗ ಮಣ್ಣು ಮಾಡಿ ಎರಡು ದಿನವಾಗಿತ್ತು. ಸುತ್ತಿನ ಹಳ್ಳಿಗಳಿಂದ ಜನ ಸೇರಿದ್ದರಂತೆ, ತಮ್ಮ ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ ಕೈಮುಗಿಸಿದರಂತೆ. ನನ್ನ ತಂಗಿ ಹೋಗಿರಲಿಲ್ಲ.

ಅದೇ ದಿನ ಕೋಡಿಹಳ್ಳಿಗೆ ಹೋದೆ. ತಂಗಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಅವಳ ಎದುರಿಗೆ ಕೂತು ಬಾವಿಯ ನೀರಿನಿಂದ ಹಿಡಿದು ಗಾಜಿನ ಮೇಲಿನ ಕಲೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು. ನನಗೆ ಶಾಪ ಹಾಕುತ್ತಾಳೆ, ಹೋದ ಕೂಸನ್ನು ನೆನೆದು ಅಳುತ್ತಾಳೆ ಎಂದುಕೊಂಡು ತಲೆ ತಗ್ಗಿಸಿ ಕೂತಿದ್ದೆ. ಅವಳು ಅಳಲಿಲ್ಲ.

"ಇದನ್ನ ಆಯಮ್ಮ ಇದ್ದಾಗ್ಲೇ ಹೇಳಿದ್ರೆ ಏನಾಯ್ತಿತ್ತಣ್ಣ?" ಎಂದಳು. "ನೀನಂತೂ ನನ್ನ ಒಡಹುಟ್ಟಿದೋನು, ಇವತ್ತಲ್ಲ ನಾಳೆ ಸೈರಿಸ್ಕೊಂಡು ಮಾತಾಡ್ತಿದ್ದೆ. ಆಯಮ್ಮ ನನ್ನ ಮಗೀನ ಮುಟ್ಟಕ್ಕೆ ಬಂದ್ರೆ ಮುಟ್ಟಿಸ್ಲಿಲ್ಲವಲ್ಲ ನಾನು."

ಮೊರ ಕೆಳಗಿಟ್ಟು, ಒಳಗೆ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು, ಗಾಡಿ ಕಟ್ಟಲು ಮೈದುನನಿಗೆ ಕೂಗಿ ಹೇಳಿದಳು. ಡಾಕ್ಟರಮ್ಮನನ್ನು ಮಣ್ಣು ಮಾಡಿದ ಜಾಗಕ್ಕೆ ಅವಳು ಹೊರಟದ್ದು. ನೀನೂ ಬಾ ಎಂದು ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುವುದಕ್ಕೆ ನನಗೆ ಮುಖವಿರಲಿಲ್ಲ.