ಮೊದಲು ಬರುವ ಹಾಡು

ನನ್ನ ಅಕ್ಷರ ಗುಂಡಗಿಲ್ಲ, ಸಾಲುಗಳು ಮೇಲೆ ಕೆಳಗೆ ಹೋಗುತ್ತವೆ, ಓದುವವರು ಕ್ಷಮಿಸಬೇಕು. ಗದಗಿನಲ್ಲಿ ಐದನೇ ಇಯತ್ತೆಯವರೆಗೆ ಕಲಿತ ಕನ್ನಡವೇ ನನ್ನಲ್ಲಿರುವುದು. ಇಲ್ಲಿಗೆ ಬಂದಮೇಲೆ ಹೈಸ್ಕೂಲನ್ನೂ ನಡುವೆ ಬಿಟ್ಟೆ, ಹಾಗಾಗಿ ದೊಡ್ಡ ದೊಡ್ಡ ಮಾತುಗಳು ಬರುವುದಿಲ್ಲ. ನನ್ನ ಅಜ್ಜಿ ಸಾವಿತ್ರವ್ವ ಮತ್ತು ಅವಳ ಸೊಸೆ ಸ್ಪಂದನಾ ಬೇರೆಬೇರೆಯಾಗಿ ಹೇಳಿದ್ದನ್ನು ಕೂಡಿಸಿ ಬರೆದಿದ್ದೇನೆ. ಅವರು ಹೇಳದೆ ಇದ್ದದ್ದನ್ನು ಸೇರಿಸಿಲ್ಲ.

ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯೇಗೋವರೆಗಿನ ಕನ್ನಡದ ಮನೆಗಳಲ್ಲಿ ಯಾರಿಗೆ ದಿನ ತುಂಬುತ್ತ ಬಂದರೂ ಸಾವಿತ್ರವ್ವನಿಗೆ ಫೋನ್ ಬರುತ್ತಿತ್ತು. ಮಗ ಶರಣು ಸಿಟಿಜನ್ ಆದಮೇಲೆ ಅವಳನ್ನು ಇಲ್ಲಿಗೆ ಕರೆಸಿಕೊಂಡಿದ್ದ. ಆಗ ಅವನಿಗೆ ಮದುವೆಯಾಗಿರಲಿಲ್ಲ, ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದ. ಹಾಗಾಗಿ ಅವಳು ಸ್ಯಾನ್ ಡಿಯೇಗೋ ಹತ್ತಿರದ ಡೆಲ್ ಮಾರ್‌ನಲ್ಲಿ ಮಗಳು ದ್ರಾಕ್ಷಾಯಣಿಯ, ಅಂದರೆ ನನ್ನ ತಾಯಿಯ, ಮನೆಯಲ್ಲೇ ಉಳಿದಳು. ಮಾಡಲು ಕೆಲಸವಿಲ್ಲದೆ ಬೇಸತ್ತಿದ್ದವಳು ಒಮ್ಮೆ ಪಕ್ಕದ ಬೀದಿಯ ಹುಡುಗಿಯ ಬಾಣಂತನಕ್ಕೆ ಹೋದಳು. ಆಮೇಲೆ ಒಬ್ಬರಿಂದ ಒಬ್ಬರಿಗೆ ಅವಳ ಹೆಸರು ಹರಡಿತು.

ಅವಳು ಹೋದ ಮನೆಯಲ್ಲಿ ಬೆಳಗಾಗುವ ಮೊದಲೇ ಬಾಣಂತಿಗೆಂದು ಮಾಡುವ ಅಂಟಿನುಂಡೆಯ ತುಪ್ಪದ ವಾಸನೆ ಹಬ್ಬಿರುತ್ತಿತ್ತು. ಬಾತ್‌ಟಬ್ಬಿನೊಳಗೆ ಪ್ಲಾಸ್ಟಿಕ್ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಚಾಚಿದ ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿ ನೀರು ಎರೆಯುತ್ತಿದ್ದಳು. ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ, ಹಳೆಯ ಸೀರೆಯಿಂದ ಸೊಂಟ ಬಿಗಿಯುತ್ತಿದ್ದಳು. ಗ್ಲೆಂಡೇಲ್‌ನಲ್ಲಿ ಭಾವನಾ ಎಂಬವಳ ಅಪಾರ್ಟ್‌ಮೆಂಟಿನಲ್ಲಿ ಕೂಸಿಗೆ ಲೋಬಾನದ ಹೊಗೆ ಹಾಕಿದಾಗ ಅಲಾರಾಂ ಕೂಗಿ, ಇಡೀ ಕಟ್ಟಡದ ಜನ ಕೆಳಗಿಳಿದು, ಫೈರ್ ಇಂಜಿನ್ನೇ ಬಂದುಬಿಟ್ಟಿತು. ಅಂದಿನಿಂದ ಕನ್ನಡ ಕೂಟದ ಹೆಂಗಸರು ಅವಳನ್ನು ಬೆಂಕಿ ಸಾವಿತ್ರವ್ವ ಎಂದು ಕರೆದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕೋವಿಡ್ ಬಂದ ವರ್ಷ ಎಲ್ಲಿಗೂ ಹೋಗಲಾಗದೆ, ವೀಡಿಯೋ ಕಾಲಿನಲ್ಲಿ ಒಂದು ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ತೋರಿಸಿಕೊಟ್ಟಳು.

ಬಾಣಂತಿ ಇರುವ ಮನೆಯಲ್ಲಿ ನಿದ್ದೆ ಯಾರಿಗೂ ಇರುವುದಿಲ್ಲ, ಸಿಟ್ಟು ಎಲ್ಲರಿಗೂ ಇರುತ್ತದೆ. ಅತ್ತೆ ಮಗನನ್ನು ಮೂಲೆಗೆ ಕರೆದು ಸೊಸೆಯ ಮೇಲೆ ಹೇಳಿಕೊಡುವುದನ್ನು, ಆ ಮಗ ಹಸಿ ಮೈಯ ಹೆಂಡತಿಯ ಮೇಲೆ ದನಿ ಎತ್ತುವುದನ್ನು ಸಾವಿತ್ರವ್ವ ಎಷ್ಟೋ ಮನೆಗಳಲ್ಲಿ ಕಣ್ಣಾರೆ ಕಂಡಿದ್ದಳು. ತಾನು ಯಾವತ್ತೂ ಸೊಸೆಯ ವಿಷಯವನ್ನು ಮಗನ ಕಿವಿಗೆ ಹಾಕಬಾರದು ಎಂದು ಅವಳು ಆಗಲೇ ಗಟ್ಟಿಮಾಡಿಕೊಂಡಿದ್ದಳು. ಇನ್ನೊಂದನ್ನೂ ಕಲಿತಿದ್ದಳು. ತಾನು ಬೇಡವಾದ ಮನೆಯಿಂದ, ಬೇಡ ಅನ್ನಿಸಿಕೊಳ್ಳುವ ಮೊದಲೇ ಎದ್ದು ಬರಬೇಕು. ಈ ಎರಡೂ ಒಳ್ಳೆಯ ಬುದ್ಧಿಗಳೇ. ಕೆಟ್ಟದ್ದಾದದ್ದು ಇವೆರಡರಿಂದಲೇ.

ಶರಣು ಬೆಂಗಳೂರಿನ ಸ್ಪಂದನಾಳನ್ನು ಮದುವೆಯಾಗಿ ಲಾಸ್ ಏಂಜಲಿಸ್ ಆಚೆಯ ಸ್ಯಾಂಟಾ ಕ್ಲಾರಿಟಾದಲ್ಲಿ ಮನೆ ಮಾಡಿದ್ದ. ಇಬ್ಬರ ಆಫೀಸೂ ಗ್ಲೆಂಡೇಲ್‌ನಲ್ಲಿತ್ತು. 2022ರಲ್ಲಿ ಸ್ಪಂದನಾ ಬಸುರಿಯಾದಳು. ಅವಳ ತಾಯಿ ವೀಸಾಕ್ಕೆ ಅಪ್ಲೈ ಮಾಡಿದರೆ ಇಂಟರ್‌ವ್ಯೂ ದಿನಾಂಕವೇ ಕೂಸು ನಡೆಯುವ ಹೊತ್ತಿಗೆ ಸಿಗುವ ಹಾಗಿತ್ತು. ತಾಯಿ ಫೋನಿನಲ್ಲಿ ಅತ್ತರು. ಸಾವಿತ್ರವ್ವ ಅವರಿಗೆ ಧೈರ್ಯ ಹೇಳಿ, ನಿಮ್ಮ ಮಗಳು ನನ್ನ ಕೈಯಲ್ಲಿರುತ್ತಾಳೆ ಎಂದು ಮಾತು ಕೊಟ್ಟಳು. ಮೇಲೆ ತೋರಿಸಿಕೊಳ್ಳದಿದ್ದರೂ ಅವಳಿಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷ ಪರರ ಕೂಸುಗಳಿಗೆ ನೀರೆರೆದಿದ್ದಳು, ಈಗ ಬರುವುದು ಮಗನ ಮನೆಯ ಕೂಸು. ಬಾಣಂತಿಯ ಉಂಡೆಗೆ ಬೇಕಾದ ಅಳ್ವಿ, ಅಂಟು, ಒಣಕೊಬ್ಬರಿ, ಉತ್ತತ್ತಿ ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿಕೊಂಡು, ದಿನ ತುಂಬುವುದಕ್ಕೆ ತಿಂಗಳ ಮೊದಲೇ ಸ್ಯಾಂಟಾ ಕ್ಲಾರಿಟಾಕ್ಕೆ ಹೋದಳು.

ಸ್ಪಂದನಾ ಓಡಿಸುತ್ತಿದ್ದುದು ಹಳೆಯ ಕಾರು. ಅದರ ಸ್ಟೀರಿಯೋಕ್ಕೆ ಒಂದು ಪೆನ್ ಡ್ರೈವ್ ಸದಾ ಸಿಕ್ಕಿಸಿಯೇ ಇರುತ್ತಿತ್ತು. ಕಾಲೇಜಿನ ದಿನಗಳಿಂದ ಕೂಡಿಟ್ಟ ಸಾವಿರಾರು ಹಾಡುಗಳು ಅದರಲ್ಲಿದ್ದವು. ಕಾರು ಶುರು ಮಾಡಿದಾಗಲೆಲ್ಲ ಆ ಸ್ಟೀರಿಯೋ ಅಷ್ಟೂ ಹಾಡುಗಳನ್ನು ಹೊಸದಾಗಿ ಒಂದೊಂದೇ ಓದಿಕೊಳ್ಳಬೇಕು. ಓದಿ ಮುಗಿಯುವವರೆಗೆ ಯಾವ ಬಟನ್ ಒತ್ತಿದರೂ ಕೇಳುವುದಿಲ್ಲ. ಸುಮ್ಮನಾದರೂ ಇರುತ್ತದೆಯೇ ಎಂದರೆ ಅದೂ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಯಾವ ಹಾಡಿನ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೋ ಅದನ್ನು ತಾನಾಗಿಯೇ ಹಾಡಲು ಶುರು ಮಾಡುತ್ತದೆ. ಸ್ಪಂದನಾಳ ಪೆನ್ ಡ್ರೈವಿನಲ್ಲಿ ಮೊದಲು ಬರುತ್ತಿದ್ದುದು ಅವಳ ಹಾಸ್ಟೆಲ್ ಹುಡುಗಿಯರು ಯಾವುದೋ ಹಾಸ್ಯದ ನಾಟಕಕ್ಕೆ ಕಟ್ಟಿ, ತಟ್ಟೆ ಬಡಿದುಕೊಂಡು ಹಾಡಿದ್ದ ಒಂದು ಹಾಡು:

ಆಯ್ತಲ್ಲ ಅತ್ತೆಮ್ಮ, ಎತ್ಕೊಳ್ಳಿ ಗಂಟು,
ನಿಮ್ಮೂರ ಬಸ್ಸು ಒಂಬತ್ತಕ್ಕೇ ಉಂಟು.

ವರ್ಷಗಟ್ಟಲೆ ದಿನಾ ಕೇಳಿ ಕೇಳಿ ಸ್ಪಂದನಾಳಿಗೆ ಅದು ಇಂಜಿನ್ನಿನ ಸದ್ದಿನ ಹಾಗಾಗಿತ್ತು. ಅದು ಕಿವಿಗೆ ಬೀಳುತ್ತಿತ್ತೇ ಹೊರತು ಅವಳಿಗೆ ಕೇಳಿಸುತ್ತಿರಲಿಲ್ಲ.

ಮೊದಲ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಡು ಬಂದಾಗ ಸಾವಿತ್ರವ್ವ ತಮಾಷೆ ಎಂದುಕೊಂಡು ನಕ್ಕು, ಸೊಸೆಯ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ. ಸ್ಪಂದನಾ ಒಂದು ಬೆರಳಿನಿಂದ ಸ್ಟೀರಿಯೋ ಒತ್ತುತ್ತ, ತಡೀರಿ, ಈಗ ಆಗ್ಬಿಡತ್ತೆ ಎಂದಳು. ಹಾಡು ಮುಗಿಯುತ್ತ ಬಂದಾಗ ಬೇರೆ ಯಾವುದೋ ಹಾಡಿಗೆ ಬದಲಾಯಿಸಿದಳು. ಮಾರನೆಯ ದಿನ ಅಂಗಡಿಗೆ ಹೋಗುವಾಗಲೂ ಅದೇ ಆಯಿತು. ಮತ್ತೆ ಡಾಕ್ಟರ ಹತ್ತಿರ ಹೋಗುವಾಗಲೂ ಅದೇ. ಅತ್ತೆ ಕೂತ ಕೂಡಲೇ ಆ ಹಾಡು, ಅದಾದಮೇಲೆ ಬೇರೆ ಹಾಡುಗಳು. ಶರಣು ಕಾರು ಓಡಿಸಿದ ದಿನ ಮಾತ್ರ ಅದು ಬರುತ್ತಿರಲಿಲ್ಲ, ಏಕೆಂದರೆ ಅವನು ತನ್ನ ಫೋನನ್ನು ಹಚ್ಚಿಕೊಳ್ಳುತ್ತಿದ್ದ. ಸಾವಿತ್ರವ್ವನಿಗೆ ಇದೆಲ್ಲ ಎಲ್ಲಿ ಗೊತ್ತು. ಗಂಡನ ಮುಂದೆ ಹಾಕಲು ಹೆದರುತ್ತಾಳೆ ಎಂದುಕೊಂಡಳು.

ಸ್ಪಂದನಾಗೆ ಆ ದಿನಗಳಲ್ಲಿ ಕಾಲು ಊದಿಕೊಂಡು, ಎದೆ ಉರಿ ಬಂದು ಮಾತೇ ಕಡಿಮೆಯಾಗಿತ್ತು. ಆ ಮೌನವನ್ನೂ ಸಾವಿತ್ರವ್ವ ತನ್ನ ಲೆಕ್ಕಕ್ಕೇ ಹಾಕಿಕೊಂಡಳು. ಆದರೂ ಒಮ್ಮೆ ಕೇಳಿ ನೋಡಬೇಕೆನಿಸಿತು. ಒಂದು ಮಧ್ಯಾಹ್ನ ಗ್ಲೆಂಡೇಲ್ ಕಡೆಗೆ ಹೊರಟಾಗ ಹಾಡು ಶುರುವಾಯಿತು, ಕಾರು ಫ್ರೀವೇ ಸೇರುತ್ತಿತ್ತು.

"ಈ ಹಾಡ ನಿನಗ ಭಾಳ ಸೇರತೈತೇನವಾ?"

ಪಕ್ಕದ ಲೇನಿನಲ್ಲಿ ದೊಡ್ಡ ಟ್ರಕ್ಕೊಂದು ಬರುತ್ತಿತ್ತು. ಸ್ಪಂದನಾ ಕನ್ನಡಿಯಿಂದ ಕಣ್ಣು ತೆಗೆಯದೆ, "ಹೂಂ, ಇರ್ಲಿ ಅಂತಾನೇ ಇಟ್ಕೊಂಡಿದೀನಿ" ಎಂದಳು.

ಅವಳು ಹೇಳಿದ್ದು ಪೆನ್ ಡ್ರೈವಿನ ಹಳೆಯ ಹಾಡುಗಳ ಬಗ್ಗೆ. ಬೇಕಂತಲೇ ಹಾಕುತ್ತಾಳೆ ಎಂದುಕೊಂಡ ಸಾವಿತ್ರವ್ವ ಮತ್ತೆ ಕೇಳಲಿಲ್ಲ. ಆ ದಾರಿಯುದ್ದಕ್ಕೂ ಬೋಳು ಗುಡ್ಡಗಳನ್ನು ನೋಡುತ್ತ ಕೂತಿದ್ದೆ ಎಂದು ಆಮೇಲೆ ಹೇಳಿದಳು.

ಆ ಭಾನುವಾರ, ಮೊಣಕಾಲು ಹಿಡಿದುಕೊಂಡಿವೆ, ತನಗೆ ಡೆಲ್ ಮಾರ್‌ನ ಹವೆಯೇ ಒಗ್ಗುವುದು ಎಂದು ಅವಳು ಮಗನಿಗೆ ಹೇಳಿದಳು. ಶರಣುಗೆ ಏನೂ ತಿಳಿಯಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದ, ಮೆಟ್ಟಿಲು ಹತ್ತುವುದು ಬೇಡ, ಕೆಳಗಿನ ಕೋಣೆ ಕೊಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಸ್ಪಂದನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ನಿಮ್ಮಿಷ್ಟ" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಅಳು ತಡೆಯಲು ಒಳಗೆ ಹೋಗಿದ್ದಳು. ಅವಳಿಗೆ ನಿರಾಳವಾಯಿತು ಎಂದು ಸಾವಿತ್ರವ್ವ ತಿಳಿದಳು. ಡಬ್ಬಿಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಳು.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಕೂಸು ಹುಟ್ಟಿತು, ಗಂಡು. ಸಾವಿತ್ರವ್ವ ಮಗಳ ಜೊತೆ ಆಸ್ಪತ್ರೆಗೆ ಹೋಗಿ, ನೆಂಟರ ಹಾಗೆ ಎತ್ತಿಕೊಂಡು, ನೆಂಟರ ಹಾಗೆ ತಿರುಗಿ ಬಂದಳು. ಇರು ಎಂದು ಸೊಸೆ ಅನ್ನಲಿಲ್ಲ. ಇರುತ್ತೇನೆ ಎಂದು ಅತ್ತೆಯೂ ಅನ್ನಲಿಲ್ಲ. ಸ್ಯಾಂಟಾ ಕ್ಲಾರಿಟಾದಲ್ಲಿ ಪಕ್ಕದ ಮನೆಯ ಲೀಲಾ ಆಂಟಿ ಕೆಲವು ದಿನ ಸಾರು ತಂದುಕೊಟ್ಟರು. ಉಳಿದ ದಿನ ಶರಣು ತರಿಸಿದ ಡಬ್ಬಿಯ ಊಟ. ಸ್ಪಂದನಾ ಫೋನನ್ನು ಸಿಂಕಿಗೆ ಒರಗಿಸಿ, ವೀಡಿಯೋ ನೋಡಿಕೊಂಡು, ಕೂಸಿಗೆ ತಾನೇ ನೀರೆರೆದಳು. ಅವಳ ಸೊಂಟವನ್ನು ಯಾರೂ ಕಟ್ಟಲಿಲ್ಲ.

ಯುಗಾದಿಗೆ ಕನ್ನಡ ಕೂಟದವರು ಸ್ಯಾನ್ ಡಿಯೇಗೋದಲ್ಲಿ ಸೇರಿದಾಗ ಊಟದ ಸಾಲಿನಲ್ಲಿ ಸಾವಿತ್ರವ್ವನ ಬೆನ್ನ ಹಿಂದೆಯೇ ಒಬ್ಬಾಕೆ ಇನ್ನೊಬ್ಬಾಕೆಗೆ, ಊರವರ ಬಾಣಂತನವನ್ನೆಲ್ಲ ಮಾಡಿದವರು ಸೊಸೆಯದನ್ನು ಮಾಡಲಿಲ್ಲವಂತೆ ಎಂದಳು. ಸಾವಿತ್ರವ್ವ ತಟ್ಟೆಗೆ ಏನು ಬಡಿಸಿಕೊಂಡಳೋ, ಏನು ತಿಂದಳೋ ಅವಳಿಗೇ ನೆನಪಿಲ್ಲ.

ಮೇ ತಿಂಗಳ ಕೊನೆಯಲ್ಲಿ ಶರಣು, ಸ್ಪಂದನಾ ಕೂಸನ್ನು ಕರೆದುಕೊಂಡು ಡೆಲ್ ಮಾರ್‌ಗೆ ಬಂದರು. ಕೂಸಿಗೆ ಆಗ ಮೂರು ತಿಂಗಳು ಆಗುತ್ತ ಬಂದಿತ್ತು. ಸ್ಪಂದನಾಳ ರಜೆಯೂ ಮುಗಿಯುತ್ತ ಬಂದಿತ್ತು. ಶರಣು ಆಫೀಸಿನ ಫೋನ್ ಹಿಡಿದು ಮನೆಯಲ್ಲೇ ಉಳಿದ. ಹೆಂಗಸರು ಕೂಸಿಗೆ ಸಮುದ್ರ ತೋರಿಸಲು ಹೊರಟರು. ಸ್ಪಂದನಾ ಡ್ರೈವ್ ಮಾಡುತ್ತಿದ್ದಳು, ದ್ರಾಕ್ಷಾಯಣಿ ಅವಳ ಪಕ್ಕದಲ್ಲಿ, ಸಾವಿತ್ರವ್ವ ಹಿಂದೆ ಕೂಸಿನ ಸೀಟಿನ ಹತ್ತಿರ. ಕಾರು ಶುರುವಾಯಿತು, ತಟ್ಟೆಯ ಬಡಿತದ ಜೊತೆ ಹಾಡೂ ಶುರುವಾಯಿತು. ಸಾವಿತ್ರವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

ದ್ರಾಕ್ಷಾಯಣಿಗೆ ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ತಡೆದು ಗೊತ್ತಿಲ್ಲ. "ಇದೇನ ಹಾಡ ಹಚ್ಚೀಯವಾ ಸ್ಪಂದನಾ, ಅತ್ತೀನ ಹಿಂದ ಕುಂಡರಿಸ್ಕೊಂಡು? ಭಾಳ ಧೈರ್ಯ ಬಿಡು ನಿಂದು" ಎಂದು ನಕ್ಕಳು.

"ಯಾವ ಹಾಡು?" ಎನ್ನುತ್ತ ಸ್ಪಂದನಾ ಆಗಷ್ಟೇ ಕಿವಿಗೊಟ್ಟಳು. ಅವಳಿಗೂ ನಗು ಬಂತು. "ಅಯ್ಯೋ, ಇದು ನಾನು ಹಾಕಿದ್ದಲ್ಲ ಅತ್ಗೆ. ಎಲ್ಲಾ ಲೋಡ್ ಆಗೋವರೆಗೂ ಈ ದರಿದ್ರ ಸ್ಟೀರಿಯೋ ಇದೊಂದನ್ನೇ ಹಾಡತ್ತೆ. ಇದರ ಹೆಸರು ಮೊದಲು ಬರತ್ತಲ್ಲ, ಅದಕ್ಕೆ. ನಿಲ್ಸೋಕೂ ಬಿಡಲ್ಲ. ನನಗಂತೂ ಈಗ ಕೇಳ್ಸೋದೇ ಇಲ್ಲ."

ಹಿಂದಿನ ಸೀಟಿನಿಂದ ಸಾವಿತ್ರವ್ವ ಕೇಳಿದಳು. "ದಿನಾ ಹಿಂಗನ?"

"ದಿನಾ. ಕಾರು ತಗೊಂಡಾಗಿಂದ."

"ನಾ ಇಲ್ಲದಾಗನೂ?"

ಸ್ಪಂದನಾ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಮುಂದೆ ಸಮುದ್ರದ ಮೇಲಿನ ದಿಬ್ಬದಲ್ಲಿ ಜಾಗ ಕಂಡಲ್ಲಿ ಕಾರು ನಿಲ್ಲಿಸಿದಳು. ಇಂಜಿನ್ ಆರಿಸಿದಾಗ ಹಾಡೂ ನಿಂತಿತು.

"ನೀವು ಏನು ಅಂದ್ಕೊಂಡಿದ್ರಿ?"

"ನನಗ ಹೇಳಾಕತ್ತೀ ಅಂತ ತಿಳಕೊಂಡಿದ್ದೆ."

ದ್ರಾಕ್ಷಾಯಣಿಯ ನಗು ನಿಂತುಹೋಯಿತು. ಸ್ಪಂದನಾ ಸೀಟಿನಲ್ಲೇ ಹಿಂದಕ್ಕೆ ತಿರುಗಿದಳು. "ಅದಕ್ಕೇ ಹೋದ್ರಾ? ನಾನು, ನಿಮಗೆ ನನ್ನ ಬಾಣಂತನ ಮಾಡೋದು ಬೇಡವಾಯ್ತೇನೋ ಅಂದ್ಕೊಂಡಿದ್ದೆ. ಊರವರಿಗೆಲ್ಲ ಮಾಡ್ತಾರೆ, ನನಗೆ ಮಾತ್ರ ಬೇಡ ಅಂದ್ರು ಅಂತ. ಅಮ್ಮಂಗೂ ಹಾಗೇ ಹೇಳ್ದೆ."

"ನೀ ಒಂದ ಮಾತ ಕೇಳಬೇಕಿತ್ತು."

"ನೀವೂ ಕೇಳಬಹುದಿತ್ತು."

ಕೂಸು ಎಚ್ಚರಾಗಿ ಕಾಲು ಒದೆಯುತ್ತಿತ್ತು. ಸಾವಿತ್ರವ್ವ ಅದರ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಸೊಸೆಗೆ ಬೆನ್ನು ನೋಯುತ್ತದೆಯೇ ಎಂದು ಕೇಳಿದಳು. ನೋಯುತ್ತದೆ, ಕೂತು ಏಳುವುದೇ ಕಷ್ಟ ಎಂದಳು ಸ್ಪಂದನಾ. ಈಗ ಸೊಂಟ ಕಟ್ಟಿದರೆ ಆಗುತ್ತದೆಯೇ ಎಂದೂ ಕೇಳಿದಳು. ಸಾವಿತ್ರವ್ವನಿಗೆ ಸಮಾಧಾನಕ್ಕೆಂದು ಸುಳ್ಳು ಹೇಳಿ ರೂಢಿಯಿಲ್ಲ.

"ಇಲ್ಲವಾ. ಮೈ ಹಸಿ ಇದ್ದಾಗ ಕಟ್ಟಬೇಕಿತ್ತು. ಈಗ ಕಟ್ಟಿದರ ಬರೇ ಸೀರಿ ಕಟ್ಟಿದಂಗ."

ಸಂಜೆ ಶರಣುಗೆ ವಿಷಯ ಗೊತ್ತಾಯಿತು. ಅವನು ಯಾರಿಗೂ ಬೈಯಲಿಲ್ಲ. ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದ ತಾಯಿಯ ಹತ್ತಿರ ಹೋಗಿ, ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲವ್ವ, ಆ ಸ್ಟೀರಿಯೋದ ಗೋಳು ನನಗೆ ಗೊತ್ತಿತ್ತು ಎಂದ.

"ನಿನ್ನ ಕೇಳಬಾರದಂತನ ಸುಮ್ಮನಿದ್ದೆ" ಎಂದಳು ಸಾವಿತ್ರವ್ವ. ಯಾಕೆ ಎಂದು ಅವನು ಕೇಳಿದ. ಬಾಣಂತನಕ್ಕೆ ಹೋದ ಮನೆಗಳಲ್ಲಿ ಅತ್ತೆ, ಮಗಂದಿರು ಮಾಡಿದ್ದನ್ನು ಅವಳು ಅವನಿಗೆ ಹೇಳಲು ಹೋಗಲಿಲ್ಲ.

ಆಮೇಲೆ ಅತ್ತೆ ಸೊಸೆ ಚೆನ್ನಾಗಿಯೇ ಇದ್ದಾರೆ. ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಸಾವಿತ್ರವ್ವ ಬೆಂಗಳೂರಿಗೂ ಫೋನ್ ಮಾಡಿ, ಕೊಟ್ಟ ಮಾತು ನಡೆಸಲಿಲ್ಲ ಎಂದು ಸ್ಪಂದನಾಳ ತಾಯಿಯ ಹತ್ತಿರ ತಪ್ಪು ಒಪ್ಪಿಕೊಂಡಳು. ಅವರು ದೊಡ್ಡ ಮನಸ್ಸಿನಿಂದ, ಹೋಗಲಿ ಬಿಡಿ ಎಂದರು. ಹೋಗಲಿ ಎಂದು ಬಿಡುವುದು ಮಾತ್ರ ಸಾವಿತ್ರವ್ವನಿಂದ ಆಗುತ್ತಿಲ್ಲ. ಹೋದ ವಾರ ಸ್ಯಾನ್ ಡಿಯೇಗೋದ ಅಮಿತಾಳ ಮನೆಯವರು ಬಾಣಂತನಕ್ಕೆ ಕರೆದಾಗ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಳು. ಯಾರ ಮನೆಯ ಕೂಸನ್ನು ಕಾಲ ಮೇಲೆ ಹಾಕಿಕೊಂಡರೂ ಮೊಮ್ಮಗನ ಆ ಮೊದಲ ತಿಂಗಳುಗಳು ನೆನಪಾಗುತ್ತವೆ, ಅವು ಎಲ್ಲಿಂದ ತಿರುಗಿ ಬರಬೇಕು ಎಂದು ನನ್ನ ತಾಯಿಯ ಹತ್ತಿರ ಹೇಳುತ್ತಿದ್ದಳು.

ಸ್ಪಂದನಾ ಜೂನ್ ಮಧ್ಯದಿಂದ ಕೆಲಸಕ್ಕೆ ಹೋಗಬೇಕು, ಕೂಸಿಗೆ ಗ್ಲೆಂಡೇಲ್‌ನಲ್ಲಿ ಡೇ ಕೇರ್ ಗೊತ್ತಾಗಿದೆ. ಅದಕ್ಕೆ ಮೊದಲಿನ ಒಂದು ವಾರ ಬಂದಿರಿ ಎಂದು ಅವಳು ಸಾವಿತ್ರವ್ವನನ್ನು ಕರೆದಿದ್ದಾಳೆ. ಸಾವಿತ್ರವ್ವ ಎರಡು ದಿನ ಯೋಚಿಸಿ ಒಪ್ಪಿದಳು. ನಾನು ಅವಳ ಜೊತೆ ಹೋಗಿ, ಆ ವಾರ ಅಡುಗೆ ಮಾಡಿಕೊಡುತ್ತೇನೆ.