ಆಗಿಬರದ ಗುಂಡು ಹಿಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಕಟ್ಟಿದವರು ಅಡುಗೆಮನೆಯ ಕಪಾಟಿಗೆ ಹಿಡಿ ಆರಿಸಿದವರಲ್ಲ. ಮರ ಯಾವುದು, ಬಣ್ಣ ಯಾವುದು ಅಂದರೆ ಒಂದೇ ಮಾತಿಗೆ ಒಪ್ಪುವ ಜನ, ಕೊನೆಗೆ ಬೆರಳಗಲದ ಹಿಡಿಯ ಮುಂದೆ ಬಂದು ಜಗಳಕ್ಕೆ ನಿಲ್ಲುತ್ತಾರೆ. ಹಿಡಿಯಲ್ಲಿ ಎರಡು ಜಾತಿ. ಗುಂಡು ಹಿಡಿಗೆ ಒಂದು ತೂತು ಸಾಕು, ಬೆರಳ ತುದಿಯಲ್ಲಿ ಹಿಡಿದು ಎಳೆಯಬೇಕು. ಉದ್ದ ಹಿಡಿಗೆ ಎರಡು ತೂತು, ಅದರೊಳಗೆ ಕೈ ತೂರಿಸಿ ಎಳೆಯಬಹುದು. ತೂತು ಕೊರೆದ ಮೇಲೆ ಮನಸ್ಸು ಬದಲಾಯಿಸುವ ಮನೆಯವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಗಮಂಗಲದ ಬಡಗಿ ಶಿವಶಂಕರಾಚಾರಿಗೆ, ಅಂದರೆ ನನಗೆ, ಕೆಲಸಕ್ಕಿಂತ ಬಾಯಿ ಜೋರು ಎಂದು ಜನ ಆಡಿಕೊಳ್ಳುವುದು ಇದಕ್ಕೇ. ಆ ಬಾಯಿ ಕಟ್ಟಿಹೋದದ್ದು ಬೆಟ್ಟಮ್ಮನ ಮನೆಯಲ್ಲಿ ಮಾತ್ರ.

ಬೆಟ್ಟಮ್ಮನದು ಕೆ.ಆರ್. ಪೇಟೆಯಿಂದ ಹೇಮಗಿರಿಗೆ ಹೋಗುವ ದಾರಿಯ ಹಳ್ಳಿ. ಗಂಡ ರಂಗಸ್ವಾಮಿಗೆ ಗದ್ದೆ, ಹಸು ಎರಡೂ ಉಂಟು. ಮದುವೆಯಾಗಿ ಬಂದ ಮಾರನೆಯ ದಿನವೇ ಆಕೆಯನ್ನು ಹಸುವಿನ ಕೆಳಗೆ ಕೂರಿಸಿದರಂತೆ. ಒದೆಯುವ ಹಸುವೂ ಆ ಕೈ ಸೋಕಿದರೆ ಸೊರ ಬಿಟ್ಟು ಹಾಲು ಇಳಿಸುತ್ತಿತ್ತು, ಅಂಥ ಕೈಗುಣ ಎಂದು ಊರವರು ಹೇಳುತ್ತಿದ್ದರು. ಬೆಳಗ್ಗೆ ಸಂಜೆ ಹಿಂಡಿ ಹಿಂಡಿ ಆಯುಸ್ಸು ಕಳೆಯಿತು. ಹಾಲು ಕರೆಯುವ ಮಿಷನ್ನು ಬಂದ ಮೇಲೆ ಆಕೆಗೆ ಉಳಿದದ್ದು ಅಡುಗೆಮನೆ ಒಂದೇ.

ಆ ಅಡುಗೆಮನೆಯನ್ನು ಹೊಸದು ಮಾಡಿಸಲು ಹೊರಟವಳು ಸೊಸೆ ಚೈತನ್ಯ. ಊರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿ, ನೀರು ಬೆರೆಸಿದ ಹಾಲನ್ನೂ ಬಣ್ಣ ಬೆರೆಸಿದ ಮಾತನ್ನೂ ದೂರದಿಂದಲೇ ಹಿಡಿಯುತ್ತಾಳೆ. ಕಪಾಟಿನ ಕೆಲಸ ಮುಗಿಯುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರನ್ನೂ ಕೆ.ಆರ್. ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ನಾನೇ ಕರೆದುಕೊಂಡು ಹೋದೆ.

ಅಂಗಡಿಯವನು ಹಲಗೆಗೆ ಬಡಿದ ಮಾದರಿಗಳನ್ನು ಸಾಲಾಗಿ ಇಟ್ಟ. ಚೈತನ್ಯ ಯಾವುದನ್ನೂ ಬಹಳ ನೋಡಲಿಲ್ಲ. ಸುಂಡೆಕಾಯಿ ಗಾತ್ರದ ಹಿತ್ತಾಳೆಯ ಗುಂಡು ಹಿಡಿಯ ಮೇಲೆ ಬೆರಳಿಟ್ಟು, "ಇದೇ ಇರ್ಲಿ, ಆಚಾರ್ರೆ" ಎಂದಳು.

"ಇಷ್ಟು ಸಣ್ಣದಾ? ಉದ್ದದ್ದೂ ನೋಡಿ" ಎಂದೆ.

"ಉದ್ದದ್ದು ಬ್ಯಾಡ. ಸೀರೆ ಸಿಕ್ಕಾಕ್ಕೊಳ್ತದೆ."

ಅಂಗಡಿಯವನು ಒಂದು ಗುಂಡನ್ನು ಬೆಟ್ಟಮ್ಮನತ್ತ ಚಾಚಿದ. ಸೆರಗಿನೊಳಗಿದ್ದ ಕೈ ಹೊರಗೆ ಬಂತು, ಗುಂಡು ಬೆರಳ ಸಂದಿಯಿಂದ ಜಾರಿ ಕೌಂಟರಿನ ಅಡಿಗೆ ಉರುಳಿತು. "ಎಣ್ಣೆ ಕೈ ಕಣಪ್ಪ" ಎಂದು ನಕ್ಕು, ಆಕೆ ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಬಸ್ಸಿನಲ್ಲಿ ಬಂದವಳ ಕೈಗೆ ಎಣ್ಣೆ ಎಲ್ಲಿಂದ ಹತ್ತಿತು ಎಂದು ನಾನು ಆಗ ಯೋಚಿಸಲಿಲ್ಲ.

"ನಿಂಗೊಪ್ಪಿದ್ದೇ ಆಗ್ಲಿ ಬುಡವ್ವ" ಎಂದಳು ಸೊಸೆಗೆ. ಗುಂಡು ಹಿಡಿಯನ್ನೇ ತಂದೆವು.

ಬಣ್ಣ ಒಣಗಲೆಂದು ಹತ್ತು ದಿನ ಬಿಟ್ಟು, ಎರಡು ಬಾಗಿಲಿಗೂ ಎಳೆದು ತೆರೆಯುವ ಒಂದು ಸೆಳೆಪೆಟ್ಟಿಗೆಗೂ ಗುಂಡು ಕೂರಿಸಿ ನಾನು ಊಟಕ್ಕೆಂದು ಹೊಂಗೆ ಮರದ ಕೆಳಗೆ ಹೋದೆ. ಚೈತನ್ಯ ಡೇರಿಯಲ್ಲಿದ್ದಳು, ರಂಗಸ್ವಾಮಿ ಗದ್ದೆಯಲ್ಲಿದ್ದ. ನೀರಿಗೆಂದು ಒಳಗೆ ಬಂದರೆ ಬೆಟ್ಟಮ್ಮ ಸೆಳೆಪೆಟ್ಟಿಗೆಯ ಮುಂದೆ ಕೂತಿದ್ದಾಳೆ. ಎರಡು ಅಂಗೈಗಳ ನಡುವೆ ಗುಂಡನ್ನು ಅದುಮಿ ಎಳೆಯುತ್ತಾಳೆ, ಅದು ಜಾರುತ್ತದೆ. ಕೊನೆಗೆ ಸೆರಗಿನ ತುದಿಯನ್ನು ಅದಕ್ಕೆ ಸುತ್ತಿ, ಕಟ್ಟಿದ ಕರುವನ್ನು ಜಗ್ಗುವ ಹಾಗೆ ಜಗ್ಗಿದಳು. ಸೆರಗು ಬಿಚ್ಚಿಕೊಂಡು ಆಕೆ ಹಿಂದಕ್ಕೆ ಬಿದ್ದಳು.

"ನೋಡ್ಬುಟ್ಟಾ ಆಚಾರಿ?" ಎಂದಳು ಬಿದ್ದಲ್ಲಿಂದಲೇ.

ಕೈ ಚಾಚಿ ತೋರಿಸಿದಳು. ಗೆಣ್ಣುಗಳು ಊದಿದ್ದವು, ಬೆರಳುಗಳು ಒಂದು ಪಕ್ಕಕ್ಕೆ ವಾಲಿದ್ದವು. ಮಂಡ್ಯದ ಡಾಕ್ಟರಿಗೆ ಒಬ್ಬಳೇ ಹೋಗಿ ತೋರಿಸಿಕೊಂಡು ಬಂದಿದ್ದಳಂತೆ.

"ಇನ್ಮ್ಯಾಲೆ ಇಂಗೇಯ, ವಾಸಿ ಆಗಾಕಿಲ್ಲ ಅಂದ್ರು. ಮನೇಲಿ ಯಾರ್ಗೂ ಯೋಳಿಲ್ಲ. ಯೋಳುದ್ರೆ ಒಂದ್ಕಡೆ ಕುಂತ್ಕೋ ಅಂತಾರೆ. ಒಲೆ ಬುಟ್ಟ ಎಂಗ್ಸು ಮನೇಗೆ ನೆಂಟ್ರು ಇದ್ದಂಗೆ ಕಣಪ್ಪ. ಕೊಟ್ಟಾಗ ಉಣ್ಬೇಕು, ಕೊಡ್ದಿದ್ರೆ ಕೇಳ್ಬಾರ್ದು."

"ಹಾಗಾದರೆ ಅಂಗಡಿಯಲ್ಲೇ ಉದ್ದದ್ದು ಬೇಕು ಅನ್ನಬೇಕಿತ್ತು."

"ಯಾಕೆ ಅಂತ ಕೇಳುದ್ರೆ ಏನ್ ಯೋಳ್ಲಿ?"

ಉತ್ತರವನ್ನು ಆಕೆಯೇ ಹುಡುಕಿಕೊಂಡಳು. ಸಂಜೆ ನಾನು ಸಾಮಾನು ಕಟ್ಟುವಾಗ, ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಗಂಡನಿಗೆ ಕೇಳಿಸುವ ಹಾಗೆ, "ಈ ಗುಂಡು ಇಡಿ ನಮ್ಮನೇಗೆ ಆಗ್ಬರಾಕಿಲ್ಲ" ಎಂದಳು.

ನಮ್ಮ ಕಡೆ ಆಗಿಬರುವುದಿಲ್ಲ ಎಂಬ ಮಾತಿಗೆ ಅಪೀಲಿಲ್ಲ. ಒಬ್ಬರ ಮನೆಗೆ ಪಡವಲದ ಬಳ್ಳಿ ಆಗಿಬರುವುದಿಲ್ಲ, ಇನ್ನೊಬ್ಬರಿಗೆ ಬಿಳಿ ಹಸು ಆಗಿಬರುವುದಿಲ್ಲ, ನಮ್ಮದೇ ಮನೆತನಕ್ಕೆ ಹಲಸಿನ ಮರದ ತೊಟ್ಟಿಲು ಆಗಿಬರುವುದಿಲ್ಲ. ಯಾಕೆ ಎಂದು ಕೇಳುವವರಿಲ್ಲ, ಕೇಳಿದರೂ ಹೇಳಬೇಕಾದವರು ಬದುಕಿಲ್ಲ. ರಂಗಸ್ವಾಮಿ ಚೊಂಬು ಕೆಳಗಿಟ್ಟು ಯೋಚನೆಗೆ ಬಿದ್ದ.

"ಅದ್ಕೇ ಇರ್ಬೇಕು. ಈ ಗುಂಡು ಮನೆ ಒಳೀಕೆ ಬಂದ ವಾರ್ದಲ್ಲೇ ಕರ ಸತ್ತೋಯ್ತು. ಬಿಚ್ಚಾಕ್ಲಾ ಆಚಾರಿ!"

ಡೇರಿಯಿಂದ ಆಗಷ್ಟೇ ಬಂದಿದ್ದ ಚೈತನ್ಯ ಅತ್ತೆಯ ಮುಖವನ್ನು ನೋಡಿದಳು. ಬಾಯಿ ತೆರೆದವಳು ಮಾವನನ್ನು ಕಂಡು ಮುಚ್ಚಿದಳು. ಮಾರನೆಯ ದಿನ ನಾನು ಗುಂಡು ಬಿಚ್ಚಿದೆ, ತೂತು ಮುಚ್ಚಿದೆ, ಉದ್ದ ಹಿಡಿ ಕೂರಿಸಿದೆ. ಮುಚ್ಚಿದ ತೂತಿನ ಗುರುತು ಹಾಗೇ ಉಳಿಯಿತು. ಬೇರೆ ಮನೆಯಾಗಿದ್ದರೆ ಊರಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದೆ. ಬೆಟ್ಟಮ್ಮ ಮಣಿಕಟ್ಟನ್ನು ಹಿಡಿಯೊಳಗೆ ತೂರಿಸಿ, ಬಾಗಿಲು ಎಳೆದು, ನನ್ನ ಕಡೆ ತಿರುಗಿ ನಕ್ಕಳು. ಆ ನಗೆ ನೋಡಿ ನನಗೆ ಸಂತೋಷವೇ ಆಯಿತು ಅನ್ನಿ.

ಮಳೆಗಾಲ ಕಳೆದ ಮೇಲೆ ಸೆಳೆಪೆಟ್ಟಿಗೆಯ ಹಿಡಿ ಸಡಿಲವಾಗಿದೆ ಎಂದು ಕರೆ ಬಂತು. ಇಡೀ ತೋಳಿನ ಭಾರ ಹಾಕಿ ಎಳೆದರೆ ತಿರುಪು ಎಷ್ಟು ದಿನ ನಿಂತೀತು? ಹೋದಾಗ ಮನೆಗೆ ಸೂತಕ ಹಿಡಿದಂತಿತ್ತು. ಅಡುಗೆಮನೆಯ ನೆಲದ ಮೇಲೆ ಹಾಲು ಹರಿದಿತ್ತು, ಪಾತ್ರೆ ಬೋರಲು ಬಿದ್ದಿತ್ತು. ಬೆಟ್ಟಮ್ಮನ ಪಾದದ ಮೇಲೆ ಚೈತನ್ಯ ತಣ್ಣೀರು ಹೊಯ್ಯುತ್ತಿದ್ದಳು. ಚರ್ಮ ಕೆಂಪಗೆ ಉಬ್ಬಿತ್ತು.

ರಂಗಸ್ವಾಮಿ ಗೋಡೆಗೆ ಒರಗಿ ನಿಂತಿದ್ದ. ಆ ತಿಂಗಳು ಹಸುವೊಂದಕ್ಕೆ ಕೆಚ್ಚಲು ಬಾವು ಬಂದಿತ್ತು. ಗುಂಡು ಹಿಡಿ ಹೋದರೂ ಕೆಟ್ಟದ್ದು ಹೋಗಲಿಲ್ಲವಲ್ಲ ಎಂಬ ಹುಳ ಅವನ ತಲೆ ಹೊಕ್ಕಿತ್ತು. ಆ ಹುಳವನ್ನು ಬೆಟ್ಟಮ್ಮ ಬಿಟ್ಟದ್ದು ಯಾಕೆ ಎಂದು ಆಕೆಗೂ ನನಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ. ಅವನು ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

"ಲೋಟ ಬಿತ್ತು, ನಿನ್ ಕೈಲೇ. ಉಪ್ಪು ಚೆಲ್ತು, ನಿನ್ ಕೈಲೇ. ಈಗ ಕಾದ ಆಲು ನೆಲ ಸೇರ್ತು. ಇಡಿ ಅಲ್ಲ ಕಣಮ್ಮಿ, ಈ ವರ್ಸ ನಿನ್ ಕೈಯೇ ಆಗ್ಬರಾಕಿಲ್ಲ. ಯುಗಾದಿ ಕಳ್ಯೋಗಂಟ ಒಲೆ ತಾವಕ್ಕೆ ಓಗ್ಬ್ಯಾಡ, ಕೊಟ್ಟಿಗೆ ತಾವಕ್ಕೂ ಓಗ್ಬ್ಯಾಡ."

ಚೈತನ್ಯ ಚೊಂಬನ್ನು ನೆಲಕ್ಕೆ ಕುಕ್ಕಿದಳು.

"ಕೈಗುಣನೂ ಇಲ್ಲ, ಮಣ್ಣೂ ಇಲ್ಲ ಮಾವ! ಅತ್ತೆಗೆ ಬೆರಳು ಮಡ್ಚಕ್ಕೇ ಆಗಲ್ಲ. ಕೀಲೆಲ್ಲ ಹೋಗವೆ. ನಂಗೆ ಅಂಗಡಿಗೆ ಹೋಗಕ್ಕೆ ಮುಂಚೆಯಿಂದ್ಲೂ ಗೊತ್ತು."

"ಗೊತ್ತಿದ್ರೂ ಆ ಗುಂಡು ಹಿಡಿ ಯಾಕಮ್ಮ ತಗೊಂಡೆ?" ಎಂದು ನಾನು ತಡೆಯಲಾರದೆ ಕೇಳಿದೆ.

"ಗೊತ್ತಿದ್ದೇ ತಗೊಂಡೆ ಆಚಾರ್ರೆ. ಕುಂತ್ಕೊಳಿ ಅಂದ್ರೆ ನೊಂದ್ಕೊಳ್ತಾರೆ. ಬಾಗಿಲು ತೆಗೆಯಕ್ಕೆ ಆಗ್ದಿದ್ರೆ ತಾವಾಗೇ ಒಲೆ ಹತ್ರ ಬರದು ಬುಡ್ತಾರೆ, ಮೈ ಸುಟ್ಕೊಳ್ಳಲ್ಲ ಅಂದ್ಕೊಂಡೆ." ಹೇಳುತ್ತಲೇ ಅವಳು ಅಳತೊಡಗಿದಳು.

ಬೆಟ್ಟಮ್ಮ ಸೊಸೆಯನ್ನು ನೋಡಿದಳು. ಸಿಟ್ಟಿರಲಿಲ್ಲ, ನೋವೂ ಕಾಣಲಿಲ್ಲ. ರಂಗಸ್ವಾಮಿ ಹೆಂಡತಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, "ದಿಟವಾ? ಕಾಯ್ಲೆನಾ?" ಎಂದ. ಆಕೆ ಎರಡೂ ಕೈಗಳನ್ನು ಒದ್ದೆ ಸೆರಗಿನೊಳಗೆ ಸೇರಿಸಿಕೊಂಡಳು.

"ಕಾಯ್ಲೆ ಏನಿಲ್ಲ. ಅದು ಚಿಕ್ಕುಡ್ಗಿ, ಗಾಬ್ರೀಲಿ ಏನೋ ಅಂತದೆ. ನೀವಂದಿದ್ದೇ ದಿಟ. ಈ ವರ್ಸ ನನ್ ಕೈ ಆಗ್ಬರಾಕಿಲ್ಲ."

ಅಯ್ಯೋ ಮಾರಾಯ್ತಿ, ಇದೇನು ಹೇಳಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಕೆಟ್ಟ ಕೈಗುಣಕ್ಕೆ ಯುಗಾದಿ ಎಂಬ ಒಂದು ಕೊನೆಯಾದರೂ ಉಂಟು. ಡಾಕ್ಟರು ಹೇಳಿದ ಮಾತಿಗೆ ಅದೂ ಇರಲಿಲ್ಲ.

ರಂಗಸ್ವಾಮಿ ನಂಬಿದ. ಚೈತನ್ಯ ಮೂಗು ಒರೆಸಿಕೊಂಡು, ಅತ್ತೆಯ ತೋಳು ಹಿಡಿದು ನಡುಮನೆಗೆ ನಡೆಸಿಕೊಂಡು ಹೊರಟಳು. ಬೆಟ್ಟಮ್ಮ ಹೊಸಿಲ ಬಳಿ ನಿಂತು ಹಿಂದಕ್ಕೆ ತಿರುಗಿದಳು.

"ಆಚಾರಿ, ಆ ಇಡೀನ ಭದ್ರವಾಗಿ ಕೂರ್ಸು. ಯುಗಾದಿ ಆದ್ಮ್ಯಾಲೆ ನಂಗೆ ಬೇಕಾಯ್ತದೆ."

"ಆಗ್ಲಿ ಕಣವ್ವ" ಎಂದು ನಾನು ತಲೆ ಬಗ್ಗಿಸಿ ತಿರುಪು ಬಿಗಿ ಮಾಡಿದೆ.